ಮಳೆಗಾಳಿಯೂ ಬೂತಾಯಿಯೂ

ಮೇ ಮುಗಿಯುತ್ತಿದ್ದಂತೆ ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಮೀನಿನ ಗಾಡಿಯ ಹಾರನ್ ಅಪರೂಪವಾಗುತ್ತದೆ. ಮಲ್ಪೆಯಿಂದ ಆಗುಂಬೆ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿಗೆ ರಜೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಅಟ್ಟದ ಮೇಲಿನ ಒಣಮೀನು ಕೆಳಗಿಳಿಯುತ್ತದೆ. ಕೆಂಡದಲ್ಲಿ ಸುಟ್ಟ ಒಣಬಂಗುಡೆ, ಬಿಸಿ ಗಂಜಿ, ಹೊರಗೆ ಧೋ ಎನ್ನುವ ಮಳೆ.

ಚಿಕ್ಕವನಿದ್ದಾಗ ನನ್ನ ಲೆಕ್ಕ ಸುಲಭವಾಗಿತ್ತು. ಮಳೆ ನಮ್ಮ ಗದ್ದೆಗೆ ಒಳ್ಳೆಯದು, ಕಡಲಿನವರಿಗೆ ನಷ್ಟ. ಲೆಕ್ಕ ತಪ್ಪಿತ್ತು. ನಮಗೆ ಮಳೆ ಸುರಿಸುವ ಗಾಳಿಯೇ ಅಲ್ಲಿ ಮೀನಿಗೆ ಮೇವು ಹಾಕುತ್ತಿರುತ್ತದೆ.

ಮಳೆಯ ಕತೆ ಎಲ್ಲರಿಗೂ ಗೊತ್ತಿರುವುದೇ. ಕಡಲ ಮೇಲಿನ ಒದ್ದೆ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ.

ಕಡಲಿನ ಕತೆಗೆ ಗಂಜಿ ಪಾತ್ರೆಯನ್ನೇ ನೋಡಿ. ಸ್ವಲ್ಪ ಹೊತ್ತು ಬಿಟ್ಟರೆ ಅಗುಳೆಲ್ಲ ಅಡಿಗೆ, ಬರೀ ತಿಳಿ ಮೇಲಕ್ಕೆ. ಬೇಸಿಗೆಯ ಕಡಲೂ ಹಾಗೆಯೇ. ಸತ್ತ ಜೀವಿಗಳು, ಹೊಲಸು ಎಲ್ಲ ಕೆಳಗಿಳಿದು ಕೊಳೆಯುತ್ತವೆ. ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಅಲ್ಲೇ ಉಳಿಯುತ್ತವೆ. ಬಿಸಿಲಿರುವುದು ಮೇಲೆ, ಗೊಬ್ಬರವಿರುವುದು ಕೆಳಗೆ. ಎರಡೂ ಸೇರದೆ ಬೆಳೆ ಬರುವುದಿಲ್ಲ. ಯಾರಾದರೂ ಸೌಟು ಹಾಕಿ ತಿರುವಬೇಕು.

ಆ ಸೌಟೇ ಮಳೆಗಾಲದ ಗಾಳಿ. ಅದು ನೆಟ್ಟಗೆ ದಡಕ್ಕೆ ಬಡಿದು ಸುಮ್ನಾಗುವುದಿಲ್ಲ. ಕರಾವಳಿಯ ಹತ್ತಿರ ವಾಲಿ, ದಡದುದ್ದಕ್ಕೂ ದಕ್ಷಿಣದ ಕಡೆಗೂ ತಳ್ಳುತ್ತದೆ. ಭೂಮಿ ತಿರುಗುತ್ತಿರುವುದರಿಂದ ನಮ್ಮ ಉತ್ತರಾರ್ಧಗೋಳದಲ್ಲಿ ಹೀಗೆ ತಳ್ಳಿಸಿಕೊಂಡ ನೀರು ಗಾಳಿಯ ಬಲಕ್ಕೆ ಹೊರಳುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಬಲಗೈ ಯಾವ ಕಡೆ? ಪಶ್ಚಿಮಕ್ಕೆ, ನಡುಗಡಲಿಗೆ. ಮೇಲಿನ ನೀರು ದಡ ಬಿಟ್ಟು ದೂರ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಅಡಿಯ ತಣ್ಣೀರು ಗೊಬ್ಬರದ ಸಮೇತ ಮೇಲೆ ಬರುತ್ತದೆ. ಇದು ಮೊದಲು ಕೇರಳದ ಕಡೆ ಶುರುವಾಗಿ ಮೆಲ್ಲಗೆ ನಮ್ಮ ಕರಾವಳಿಗೆ ಹಬ್ಬುತ್ತದೆ.

ಆಗ ಡಯಾಟಂ ಎಂಬ ಕಣ್ಣಿಗೆ ಕಾಣದ ಪಾಚಿಗಳು ಮುಗಿಬಿದ್ದು ಬೆಳೆಯುತ್ತವೆ. ಅವುಗಳ ಚಿಪ್ಪು ಗಾಜಿನಂಥದ್ದು, ಅದಕ್ಕೇ ಸಿಲಿಕೇಟ್ ಬೇಕು. ಬೂತಾಯಿಗೆ ಇದೇ ಹಬ್ಬದೂಟ. ಕಿವಿರಿನೊಳಗಿನ ಜರಡಿಯಲ್ಲಿ ನೀರು ಸೋಸಿ ತಿನ್ನುತ್ತದೆ. ಮೊಟ್ಟೆಯಿಡುವುದೂ ಈ ಮಳೆಗಾಲದಲ್ಲೇ.

ನಮ್ಮ ಹತ್ತುಮೀನಿನ ಬುದ್ಧಿಯೂ ಇದೇ ಅಲ್ವಾ? ಮೊದಲ ಮಳೆಗೆ ಹೊಳೆ ಬಿಟ್ಟು ಗದ್ದೆಗೆ ಹತ್ತಿ ಬಂದು ಮೊಟ್ಟೆಯಿಡುತ್ತವೆ. ಹೊಸನೀರಿನಲ್ಲಿ ಮರಿಗೆ ಮೇವು ಸಿಗುತ್ತದೆ. ನಾವು ಮಾತ್ರ ಬ್ಯಾಟರಿ ಹಿಡಿದು ಅದೇ ರಾತ್ರಿ ಕಾಯುತ್ತೇವೆ. ಹೊಳೆಗೂ 61 ದಿನದ ರಜೆ ಇದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಊರಲ್ಲಿ ಹೇಳಿದರೆ ನಗುತ್ತಾರೆ.

ಅಡಿಯ ನೀರಿನಲ್ಲಿ ಗೊಬ್ಬರವಿದೆ, ಆಮ್ಲಜನಕ ಕಡಿಮೆ. ಹಾಗಾಗಿ ಅದು ಏರಿ ಬಂದಾಗ ತಳದ ಮೀನು, ಸಿಗಡಿಗಳು ಉಸಿರು ಹುಡುಕಿಕೊಂಡು ದಡದತ್ತ ಸರಿಯುವುದುಂಟು. ಮೇವು ತಂದ ನೀರೇ ಓಡಿಸುತ್ತದೆ.

ಬೂತಾಯಿಯನ್ನು ನಂಬುವ ಹಾಗೂ ಇಲ್ಲ. ಒಂದು ವರ್ಷ ರಾಶಿ, ಇನ್ನೊಂದು ವರ್ಷ ನಾಪತ್ತೆ. 1940ರ ದಶಕದ ಆರಂಭದಲ್ಲಿ ಎಷ್ಟು ಕಡಿಮೆಯಾಯಿತೆಂದರೆ, 1943ರಲ್ಲಿ ಮದ್ರಾಸ್ ಸರ್ಕಾರ ಮರಿ ಮತ್ತು ಮೊಟ್ಟೆಮೀನು ಹಿಡಿಯುವುದಕ್ಕೆ ನಿರ್ಬಂಧ ಹಾಕಬೇಕಾಯಿತು.

ಆಗಸ್ಟ್‌ನಲ್ಲಿ ಹಾರನ್ ಮತ್ತೆ ಕೇಳುತ್ತದೆ. ಮೊಟ್ಟೆಯಿಟ್ಟು ಸೊರಗಿದ ಬೂತಾಯಿ ನೋಡಿ ಅವ್ವ ಮೂಗು ಮುರಿಯುತ್ತಾಳೆ. ದಸರಾ ಕಳೆಯಲಿ ಅನ್ನುತ್ತಾಳೆ. ಅಷ್ಟೊತ್ತಿಗೆ ಡಯಾಟಂ ತಿಂದು ಕೊಬ್ಬಿರುತ್ತದೆ, ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ಬೇಯುತ್ತದೆ.