ಕೋಳಿ ಗೂಡು ಬಿಟ್ಟು ಹಲಸಿನ ಮರ ಹತ್ತುತ್ತಿದೆ, ಏನು ಮಾಡುವುದು?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಹಿರಿಯಡಕದ ಹತ್ತಿರ. ಮನೆಯಲ್ಲಿ ಹದಿನಾಲ್ಕು ಊರ ಕೋಳಿಗಳಿವೆ. ಮಳೆ ಶುರುವಾದ ಮೇಲೆ ಸಂಜೆ ಗೂಡಿಗೆ ಹೋಗಲು ಒಪ್ಪುವುದೇ ಇಲ್ಲ, ಹಲಸಿನ ಮರ ಹತ್ತಿ ಕೂರುತ್ತವೆ. ಕಾವಿಗೆ ಕೂತಿದ್ದ ಹೇಂಟೆ ಅರ್ಧದಲ್ಲೇ ಮೊಟ್ಟೆ ಬಿಟ್ಟು ಎದ್ದು ಹೋಯಿತು. ಗೂಡಿಗೆ ಕೈ ಹಾಕಿದರೆ ನಮಗೂ ತುರಿಕೆ. ಬೂದಿ ಹಾಕಿದೆವು, ಅಂಗಡಿಯಿಂದ ಪೌಡರ್ ತಂದು ಕೋಳಿಗಳ ಮೈಗೆ ಹಚ್ಚಿದೆವು. ಹತ್ತು ದಿನ ಆರಾಮ, ಆಮೇಲೆ ಮತ್ತೆ ಅದೇ ಕಥೆ. ಇದಕ್ಕೆ ಗಟ್ಟಿ ಮದ್ದು ಇದೆಯಾ?

ಉತ್ತರ: ಮದ್ದು ಇದೆ. ಆದರೆ ನೀವು ಅದನ್ನು ಹಾಕಿದ ಜಾಗ ತಪ್ಪು. ಕೋಳಿಗೆ ಅಲ್ಲ, ಗೂಡಿಗೆ ಹಾಕಬೇಕಿತ್ತು.

ನೀವು ಬರೆದ ಲಕ್ಷಣಗಳನ್ನು ನೋಡಿದರೆ ಇದು ಕೆಂಪು ನುಸಿ, ಕೋಳಿಯ ರಕ್ತ ಹೀರುವ ಪುಟ್ಟ ಹುಳ. ನಮ್ಮ ಕಡೆ ಎಲ್ಲವನ್ನೂ ಒಟ್ಟಿಗೆ ಕೋಳಿ ಹೇನು, ತುಳುವಿನಲ್ಲಿ ಕೋರಿದ ಪೇನ್ ಅಂದುಬಿಡುತ್ತೇವೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಹೇನು ಹಗಲೂ ರಾತ್ರಿಯೂ ಕೋಳಿ ಮೈಮೇಲೇ ಬದುಕುತ್ತದೆ. ಗರಿ ಬಿಡಿಸಿದರೆ ಹಳದಿ ಬಣ್ಣದ ಹುಳ ಸರಸರ ಓಡುವುದು ಕಾಣುತ್ತದೆ. ಅದಕ್ಕೆ ಮೈಗೆ ಪೌಡರ್ ಹಚ್ಚಿದರೆ ಸರಿ. ಕೆಂಪು ನುಸಿ ಹಾಗಲ್ಲ. ಅದು ಗೂಡಿನ ಬಿರುಕಿನಲ್ಲಿ ವಾಸ ಮಾಡುತ್ತದೆ, ರಾತ್ರಿ ಊಟಕ್ಕೆ ಮಾತ್ರ ಕೋಳಿಯ ಹತ್ತಿರ ಬರುತ್ತದೆ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ರಕ್ತ ಹೀರಿ ವಾಪಸ್ ಬಿರುಕಿಗೆ. ಹಗಲು ಕೋಳಿಯನ್ನು ಹಿಡಿದು ತಿರುಗಿಸಿ ನೋಡಿದರೆ ಒಂದೂ ಸಿಗುವುದಿಲ್ಲ. ಹತ್ತು ದಿನ ನಿಮಗೆ ಆರಾಮ ಸಿಕ್ಕಿದ್ದು ಆ ಹೊತ್ತಿಗೆ ಕೋಳಿ ಮೈಗೆ ಬಂದವಷ್ಟೇ ಸತ್ತದ್ದರಿಂದ. ಗೂಡಿನಲ್ಲಿದ್ದ ಸಂಸಾರ ಹಾಗೇ ಇತ್ತು.

ಇದೇ ಪಾಠವನ್ನು ನಾನೂ ಒಂದು ಹೇಂಟೆಯ ಹನ್ನೊಂದು ಮೊಟ್ಟೆ ಕಳಕೊಂಡು ಕಲಿತದ್ದು. ಹದಿನೈದನೇ ದಿನ ಹೇಂಟೆ ಬುಟ್ಟಿಯಿಂದ ಎದ್ದು ಹೋಯಿತು, ಮತ್ತೆ ಬರಲೇ ಇಲ್ಲ. ಮರಿಯಾಗಲು ಬೇಕಾದದ್ದು 21 ದಿನ. ಹಾವು ಬಂದಿರಬೇಕು ಎಂದು ನಾನು, ಮುಂಗುಸಿ ಎಂದು ಅಮ್ಮ. ಮೊಟ್ಟೆ ತೆಗೆಯಲು ಬುಟ್ಟಿಗೆ ಕೈ ಹಾಕಿದೆ ನೋಡಿ, ಎರಡು ನಿಮಿಷದಲ್ಲಿ ಮೊಣಕೈವರೆಗೆ ಏನೋ ಹರಿದಾಡಿದ ಹಾಗೆ. ಬೈಹುಲ್ಲಿನ ಅಡಿಯಲ್ಲಿ ಬುಟ್ಟಿಯ ಹೆಣಿಗೆ ತುಂಬ ಉಪ್ಪು ಮತ್ತು ಕರಿಮೆಣಸಿನ ಪುಡಿ ಕಲಸಿ ಚೆಲ್ಲಿದಂತಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಕೆಂಪಾಯಿತು. ಅದು ಹೇಂಟೆಯ ರಕ್ತ.

ಕಾವಿಗೆ ಕೂತ ಕೋಳಿಗೆ ಇದರ ಕಾಟ ಎಲ್ಲಕ್ಕಿಂತ ಜಾಸ್ತಿ. ಉಳಿದ ಕೋಳಿಗಳು ಹಗಲಾದರೂ ತೋಟದಲ್ಲಿ ಕೆದಕಿಕೊಂಡು ಇರುತ್ತವೆ. ಇದು ಪಾಪ ಕತ್ತಲ ಮೂಲೆಯಲ್ಲಿ ಹಗಲೂ ಕೂತಿರಬೇಕು. ಎದ್ದು ಹೋದರೆ ಅದನ್ನು ಬೈಯುವುದರಲ್ಲಿ ಅರ್ಥವಿಲ್ಲ.

ನಿಮ್ಮ ಗೂಡಿನಲ್ಲಿ ಇದೇ ಇದೆಯಾ ಎಂದು ಖಾತ್ರಿ ಮಾಡಿಕೊಳ್ಳುವುದು ಸುಲಭ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಮತ್ತು ಒಂದು ತುಂಡು ಬಿಳಿ ಬಟ್ಟೆ ಹಿಡಿದು ಹೋಗಿ. ಕೋಳಿ ಕೂರುವ ಅಡ್ಡಕೋಲಿನ ಅಡಿಭಾಗವನ್ನು ಬಟ್ಟೆಯಿಂದ ಒರಸಿ. ಮೇಲ್ಭಾಗವಲ್ಲ, ಅಡಿಭಾಗ. ಬಟ್ಟೆಯಲ್ಲಿ ಕೆಂಪು ಗೀರು ಮೂಡಿದರೆ ಮತ್ತೆ ಅನುಮಾನ ಬೇಡ. ಹಸಿದ ನುಸಿ ಬೂದು ಬಿಳಿ, ಹೊಟ್ಟೆ ತುಂಬಿದ ಮೇಲೆ ಕೆಂಪು. ಗಾತ್ರ ಸುಮಾರು ಒಂದು ಮಿಲಿಮೀಟರ್. ರಾತ್ರಿ ಹೋಗಲು ಆಗದಿದ್ದರೆ ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು, ಒಳಗೆ ಅಲೆಅಲೆ ಇರುತ್ತದಲ್ಲ ಅಂಥದ್ದನ್ನು, ಸುರುಳಿ ಸುತ್ತಿ ಅಡ್ಡಕೋಲಿನ ಕೆಳಗೆ ಕಟ್ಟಿ. ಎರಡು ದಿನ ಬಿಟ್ಟು ಬಿಚ್ಚಿ ನೋಡಿ. ಒಳಗೆ ಸಭೆ ಸೇರಿರುತ್ತದೆ. ನೋಡಿ ಆದ ಮೇಲೆ ಅದನ್ನು ಸೀದಾ ಒಲೆಗೆ ಹಾಕಿ.

ಒಂದು ವಿಷಯ ಮಾತ್ರ ಗಮನಿಸಿ. ಹಗಲಲ್ಲೇ ಕೋಳಿಯ ಮೈಮೇಲೆ, ಅದರಲ್ಲೂ ಬಾಲದ ಕೆಳಗೆ ಗರಿಯೆಲ್ಲ ಕಪ್ಪು ಕಪ್ಪಾಗಿ ನುಸಿ ಸಿಕ್ಕಿದರೆ ಅದು ಬೇರೆ ಜಾತಿಯದು. ಅದು ಕೋಳಿಯ ಮೈಮೇಲೇ ಉಳಿಯುತ್ತದೆ. ಆಗ ಗೂಡಿನ ಜೊತೆಗೆ ಕೋಳಿಗೂ ಮದ್ದು ಬೇಕು, ಪಶು ವೈದ್ಯರಿಗೆ ತೋರಿಸಿ.

ಇನ್ನು ನಮ್ಮ ಜಿಲ್ಲೆಗಳಲ್ಲೇ ಇದು ಯಾಕೆ ಇಷ್ಟು ಜೋರು? ನುಸಿಗೆ ಬೇಕಾದದ್ದು ಸ್ವಲ್ಪ ಬೆಚ್ಚಗೆ, ತುಂಬ ತೇವ. ತೇವಾಂಶ 70 ಶೇಕಡಾ ದಾಟಿದರೆ ಅದಕ್ಕೆ ಹಬ್ಬ. ಉಡುಪಿ, ಮಂಗಳೂರಿನ ಮಳೆಗಾಲದಲ್ಲಿ ಗೋಡೆಗೆ ತೂಗುಹಾಕಿದ ಅಂಗಿಯೇ ಬೂಸಲು ಹಿಡಿಯುತ್ತದೆ, ಇನ್ನು ಗೂಡಿನ ಮಾತೇನು! ಇಂಥ ಹವೆಯಲ್ಲಿ ಮೊಟ್ಟೆ ಎರಡು ಮೂರು ದಿನಕ್ಕೆ ಒಡೆಯುತ್ತದೆ, ಒಂದು ವಾರದಲ್ಲಿ ಆ ಮರಿ ತಾನೇ ಮೊಟ್ಟೆ ಇಡುವಷ್ಟು ದೊಡ್ಡದಾಗುತ್ತದೆ.

ಅದಕ್ಕೆ ಸರಿಯಾಗಿ ನಾವು ಗೂಡು ಕಟ್ಟುವುದು ಮುರಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆ ಕಲ್ಲಿನಲ್ಲಿ. ಮುರಕಲ್ಲಿನ ಮೈತುಂಬ ತೂತು. ಗಾರೆ ಬಳಿಯದೆ ಬಿಟ್ಟರೆ ಒಂದೊಂದು ಕಲ್ಲೂ ನುಸಿಗೆ ಒಂದೊಂದು ವಠಾರ. ಮೇಲೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿ ಮಾಡಿದ ಪಟ್ಟಿ), ಅದರ ನಾರಿನ ಸೀಳು. ದಬ್ಬೆ ಕಟ್ಟಿದ ಹಗ್ಗದ ಗಂಟು. ಹಂಚಿನ ಸಂದು. ಮಡಲಿನ ತಟ್ಟಿ. ಎಷ್ಟು ಗುಡಿಸಿದರೂ ಪೊರಕೆ ಹೋಗದ ಜಾಗವೇ ಜಾಸ್ತಿ.

ಈಗ ಕೆಲಸಕ್ಕೆ ಬರೋಣ. ಮಳೆ ಬಿಟ್ಟ ಒಂದು ಬೆಳಿಗ್ಗೆ ನೋಡಿ ಶುರು ಮಾಡಿ. ಕೋಳಿಗಳನ್ನು ಹೊರಗೆ ಬಿಟ್ಟು ಗೂಡಿನೊಳಗೆ ಕಳಚಲು ಆಗುವುದನ್ನೆಲ್ಲ ಕಳಚಿ. ಹುಲ್ಲು, ಉಮಿ, ಹಳೆ ಗೋಣಿ ಎಲ್ಲ ಸುಡಬೇಕು. ತೆಂಗಿನ ಬುಡಕ್ಕೆ ಹಾಕುವ ಆಸೆ ಬರುತ್ತದೆ, ಈ ಸಲ ಬೇಡ. ತೀರಾ ಹಳೆಯ ದಬ್ಬೆಗಳನ್ನೂ ಒಲೆಗೆ ಹಾಕಿ. ನಮ್ಮೂರಲ್ಲಿ ಹೊಸ ದಬ್ಬೆಗೆ ಬರಗಾಲ ಇಲ್ಲವಲ್ಲ. ಮೂಲೆ, ಸಂದು ಎಲ್ಲ ಹಳೆ ಕತ್ತಿಯ ತುದಿಯಿಂದ ಕೆರೆದು ತೆಗೆಯಿರಿ.

ಆಮೇಲೆ ಬಿಸಿನೀರು. ನನ್ನ ಮಟ್ಟಿಗೆ ಇದೇ ಮೊದಲ ಮದ್ದು, ಇದಕ್ಕೆ ಖರ್ಚೂ ಇಲ್ಲ. 45 ಡಿಗ್ರಿ ದಾಟಿದ ಬಿಸಿಯನ್ನು ಈ ನುಸಿ ತಡೆಯುವುದಿಲ್ಲ. ಯುರೋಪಿನಲ್ಲಿ ಕೆಲವು ಕಡೆ ಕೋಳಿ ಫಾರಂ ಖಾಲಿಯಾದಾಗ ಇಡೀ ಶೆಡ್ಡನ್ನೇ ಕಾಯಿಸುವ ಪದ್ಧತಿ ಇದೆ. ನಮಗೆ ಅಷ್ಟೆಲ್ಲ ಯಾಕೆ, ಬಚ್ಚಲಿನ ಹಂಡೆ ಇದೆ. ಮಿಂದು ಉಳಿದ ಬೆಚ್ಚಗಿನ ನೀರಲ್ಲ ಮತ್ತೆ, ಕೊತಕೊತ ಕುದಿಯುವ ನೀರು. ಮುರಕಲ್ಲು ಬಿಸಿಯನ್ನು ಬೇಗ ಹೀರಿಕೊಳ್ಳುತ್ತದೆ, ಒಂದು ತಂಬಿಗೆ ಹೊಯ್ದರೆ ಒಳಗಿನ ತೂತಿಗೆ ತಲುಪುವ ಹೊತ್ತಿಗೆ ತಣ್ಣಗಾಗಿರುತ್ತದೆ. ಅದೇ ಜಾಗಕ್ಕೆ ಎರಡು ಮೂರು ಸಲ ಧಾರಾಳವಾಗಿ ಹೊಯ್ಯಿರಿ. ಅಮ್ಮ ಉದ್ದ ಹಿಡಿಯ ಸೌಟಿನಲ್ಲಿ ಹೊಯ್ಯುತ್ತಿದ್ದರು, ಕಾಲ ಮೇಲೆ ಸಿಡಿಯಬಾರದೆಂದು. ಕಾವಿನ ಬುಟ್ಟಿಯನ್ನು ಬಿಸಿನೀರಲ್ಲಿ ಮುಳುಗಿಸಿ. ಬೇಸಿಗೆಯಾದರೆ ಬುಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಡಿಕೆ ಒಣಹಾಕುವ ಅಂಗಳದಲ್ಲಿ ಒಂದೆರಡು ದಿನ ಬಿಸಿಲಿಗೆ ಇಟ್ಟರೂ ಸಾಕು.

ಗೂಡು ಆರಿದ ಮೇಲೆ ಬೇವಿನ ಎಣ್ಣೆ. ಒಂದು ಲೀಟರ್ ನೀರಿಗೆ ಎರಡು ಚಮಚ ಎಣ್ಣೆ, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಸೋಪು ಇಲ್ಲದಿದ್ದರೆ ಎಣ್ಣೆ ನೀರಲ್ಲಿ ಬೆರೆಯುವುದಿಲ್ಲ. ಚೆನ್ನಾಗಿ ಅಲ್ಲಾಡಿಸಿ ಸಂದುಗಳಿಗೆ, ಅಡ್ಡಕೋಲಿನ ತುದಿ ಗೋಡೆಗೆ ತಾಗುವ ಜಾಗಕ್ಕೆ ಸಿಂಪಡಿಸಿ. ನುಸಿಯ ಮೈಗೆ ಎಣ್ಣೆ ಮೆತ್ತಿಕೊಂಡರೆ ಉಸಿರು ಕಟ್ಟಿ ಸಾಯುತ್ತದೆ.

ಕ್ಯಾಲೆಂಡರಿನಲ್ಲಿ ಏಳನೇ ದಿನಕ್ಕೆ ಗುರುತು ಹಾಕಿ. ಎಲ್ಲರೂ ಸೋಲುವುದು ಇಲ್ಲೇ. ಮೊದಲ ಸಲ ಎಷ್ಟು ಚೆನ್ನಾಗಿ ಮಾಡಿದರೂ ಒಳಗೆಲ್ಲೋ ಮೊಟ್ಟೆಗಳು ಉಳಿಯುತ್ತವೆ. ಅವು ಒಡೆದು ದೊಡ್ಡದಾಗಿ ಮತ್ತೆ ಮೊಟ್ಟೆ ಇಡುವ ಮುಂಚೆ ನೀವು ಹಂಡೆ ಹಿಡಿದು ಹಾಜರಾಗಬೇಕು. ಏಳು ದಿನಕ್ಕೊಮ್ಮೆ, ಮೂರು ಸಲ. ನಾನು ಮೊದಲ ಸಲ ಒಂದೇ ದಿನ ಮಾಡಿ ಮೀಸೆ ತಿರುವಿಕೊಂಡಿದ್ದೆ. ಹನ್ನೆರಡನೇ ದಿನ ಮತ್ತೆ ತುರಿಕೆ. ಆಗ ಒಂದು ಅಂಗಡಿಯಲ್ಲಿ ಹೆಸರೂ ಇಲ್ಲದ, ಚೀಟಿಯೂ ಇಲ್ಲದ ಬಿಳಿ ಪುಡಿಯನ್ನು "ಎಲ್ಲ ಹುಳಕ್ಕೂ ಆಗ್ತದೆ" ಎಂದು ಕೊಟ್ಟರು. ತಂದೆ. ಈಗ ನೆನೆಸಿಕೊಂಡರೆ ನನಗೇ ನಾಚಿಕೆ. ಒಳಗೆ ಏನಿದೆ ಎಂದು ಗೊತ್ತಿಲ್ಲದ ಪುಡಿಯನ್ನು ನಾವು ತಿನ್ನುವ ಮೊಟ್ಟೆಯ ಪಕ್ಕದಲ್ಲಿ ಉದುರಿಸಿದ್ದೆ.

ಈ ಮಾತು ಸುಮ್ನೆ ಹೇಳುತ್ತಿಲ್ಲ. 2017ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಇದೇ ಕೆಂಪು ನುಸಿಗೆ ಹೊಡೆದ ಮದ್ದಿನಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕವನ್ನು ಕಾನೂನುಬಾಹಿರವಾಗಿ ಬೆರೆಸಿದ್ದರು. ಅದು ಮೊಟ್ಟೆಗೆ ಇಳಿಯಿತು. ಲಕ್ಷಗಟ್ಟಲೆ ಮೊಟ್ಟೆಗಳನ್ನು ಅಂಗಡಿಗಳಿಂದ ವಾಪಸ್ ತೆಗೆಸಬೇಕಾಯಿತು. ಫಿಪ್ರೊನಿಲ್ ನಮ್ಮಲ್ಲೂ ಸಿಗುತ್ತದೆ, ಗೆದ್ದಲಿಗೆ, ನಾಯಿಯ ಉಣ್ಣಿಗೆ ಬಳಸುತ್ತಾರೆ. ಕೋಳಿ ಗೂಡಿನ ಹತ್ತಿರ ಅದನ್ನು ತರಲೇಬೇಡಿ.

ಹಾಗಾದರೆ ಔಷಧ ಬೇಡವೇ ಬೇಡವಾ? ಹದಿನಾಲ್ಕು ಕೋಳಿಯ ಗೂಡಿಗೆ ಬಿಸಿನೀರು, ಎಣ್ಣೆ ಮೂರು ವಾರ ಬಿಡದೆ ಮಾಡಿದರೆ ಬಹುತೇಕ ಸಾಕು. ನೂರಿನ್ನೂರು ಕೋಳಿ ಇದ್ದರೆ ಅಷ್ಟರಲ್ಲಿ ಮುಗಿಯುವುದಿಲ್ಲ. ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯ ಮದ್ದುಗಳನ್ನು ಖಾಲಿ ಗೂಡಿಗೆ ಹೊಡೆಯುವುದುಂಟು. ದನದ ಉಣ್ಣಿಗೆ ತಂದಿಟ್ಟ ಬಾಟಲಿಯಿಂದ ಅಂದಾಜಿನಲ್ಲಿ ಎರಡು ಮುಚ್ಚಳ ಹಾಕುವುದು ಮಾತ್ರ ಬೇಡ. ಎಷ್ಟು ನೀರಿಗೆ ಎಷ್ಟು, ಹೊಡೆದ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಪಶು ಆಸ್ಪತ್ರೆಯಲ್ಲಿ ಕೇಳಿಯೇ ಬಳಸಿ. ಒಂದೇ ಮದ್ದನ್ನು ವರ್ಷಗಟ್ಟಲೆ ಹೊಡೆದರೆ ನುಸಿ ಅದಕ್ಕೆ ಬಗ್ಗುವುದಿಲ್ಲ, ಇದು ಹಲವು ದೇಶಗಳಲ್ಲಿ ಆಗಿ ಹೋದ ವಿಷಯ. ಆಸ್ಪತ್ರೆ ದೂರವಾದರೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಬಹುದು. ಉಡುಪಿ ಜಿಲ್ಲೆಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವೂ ಇದೆ.

ಬೂದಿಯ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ, ಅದು ಕೆಟ್ಟದ್ದಲ್ಲ. ಒಣ ಬೂದಿ ನುಸಿಯ ಮೈಯ ತೇವ ಎಳೆದು ಕೊಲ್ಲುತ್ತದೆ. ಆದರೆ ಜುಲೈಯಲ್ಲಿ ಒಣ ಬೂದಿ ಎಲ್ಲಿಂದ ಬರಬೇಕು? ಒಂದೇ ರಾತ್ರಿಯಲ್ಲಿ ಗಟ್ಟಿಯಾಗಿ ಮುದ್ದೆಯಾಗುತ್ತದೆ. ಬೇಸಿಗೆಯಲ್ಲಿ ಹಾಕಿ. ಮಳೆ ಬೀಳದ ಮೂಲೆಯಲ್ಲಿ ಹೊಯಿಗೆ (ಮರಳು), ಬೂದಿ ಸೇರಿಸಿ ಒಂದು ಗುಂಡಿ ಮಾಡಿಕೊಟ್ಟರೆ ಕೋಳಿಗಳು ತಾವೇ ಹೊರಳಾಡಿ ಮೈ ಕೊಡವಿಕೊಳ್ಳುತ್ತವೆ. ಲಕ್ಕಿ ಸೊಪ್ಪನ್ನು ಕಾವಿನ ಬುಟ್ಟಿಗೆ ಹಾಕುವ ಪದ್ಧತಿ ಅಜ್ಜಿಯ ಕಾಲದ್ದು. ಹಾಕಿ, ತೊಂದರೆ ಇಲ್ಲ. ಅದೊಂದರಿಂದಲೇ ನುಸಿ ಹೋಗುತ್ತದೆ ಎಂದು ನಾನು ನಂಬುವುದಿಲ್ಲ.

ಮೂರನೇ ಸಲ ಮುಗಿದ ಮೇಲೆ ಗೋಡೆಗೆ ಗಾರೆ ಹಾಕಿಸಿ. ಅಷ್ಟು ಆಗದಿದ್ದರೆ ದಪ್ಪಗೆ ಸುಣ್ಣ ಬಳಿಯಿರಿ, ಪೂರ್ತಿ ಒಣಗಿದ ಮೇಲೆ ಕೋಳಿ ಬಿಡಿ. ಅಡ್ಡಕೋಲು ಗೋಡೆಗೆ ತಾಗದ ಹಾಗೆ ನಾಲ್ಕು ಕಾಲಿನ ಮೇಲೆ ನಿಲ್ಲಿಸಿ, ಒಂದೊಂದು ಕಾಲನ್ನೂ ಹಳೆ ಎಣ್ಣೆ ಹಾಕಿದ ಡಬ್ಬಿಯಲ್ಲಿಡಿ. ಇರುವೆ ಬಾರದ ಹಾಗೆ ಹಿಂದೆ ಅಡುಗೆಮನೆಯ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಅದೇ ಉಪಾಯ. ನುಸಿಗೆ ಹಾರಲು ಬರುವುದಿಲ್ಲ, ಕೋಳಿಯನ್ನು ತಲುಪಲು ನಡೆದೇ ಬರಬೇಕು.

ಗೂಡನ್ನು ಹದಿನೈದು ದಿನ ಖಾಲಿ ಬಿಟ್ಟರೆ ಉಪವಾಸ ಬಿದ್ದು ಸಾಯುತ್ತದೆ ಎಂದು ಕೆಲವರು ಹೇಳುತ್ತಾರೆ. ಸಾಯುವುದಿಲ್ಲ. ತಂಪು ಜಾಗದಲ್ಲಿ ಇದು ಎಂಟು ತಿಂಗಳು ರಕ್ತವಿಲ್ಲದೆ ಬದುಕಿದ್ದುಂಟು. ನಮ್ಮ ಸೆಕೆಯಲ್ಲಿ ಅಷ್ಟು ಕಾಲ ಬಾಳದು, ಆದರೆ ಹದಿನೈದು ದಿನ ಅದಕ್ಕೆ ಲೆಕ್ಕವೇ ಅಲ್ಲ.

ನಿಮ್ಮ ತುರಿಕೆಗೆ ಹೆದರಬೇಡಿ. ಅದು ಮನುಷ್ಯರನ್ನು ಕಚ್ಚುತ್ತದೆ, ಮನುಷ್ಯರ ಮೈಮೇಲೆ ಸಂಸಾರ ಹೂಡುವುದಿಲ್ಲ. ಮಿಂದು ಬಟ್ಟೆಯನ್ನು ಬಿಸಿನೀರಲ್ಲಿ ಒಗೆದರೆ ಆಯಿತು. ಮಂಗಳೂರಿನ ಫ್ಲ್ಯಾಟುಗಳಲ್ಲಿ ಇರುವವರಿಗೂ ಒಂದು ಮಾತು. ಕೋಳಿಯೇ ಇಲ್ಲದ ಮನೆಯಲ್ಲಿ ರಾತ್ರಿ ಇಂಥ ತುರಿಕೆ ಬಂದರೆ ಎಸಿ ಪೆಟ್ಟಿಗೆಯ ಹಿಂದೆ ಪಾರಿವಾಳದ ಗೂಡು ಇದೆಯಾ ನೋಡಿ. ಮರಿಗಳು ಹಾರಿಹೋದ ಮೇಲೆ ಹಸಿದ ನುಸಿ ಕಿಟಕಿ ಸಂದಿನಿಂದ ಒಳಗೆ ಬರುತ್ತದೆ.

ಕೋಳಿಗಳ ಜುಟ್ಟು ಬಿಳುಚಿದ್ದರೆ ರಕ್ತ ಕಮ್ಮಿಯಾಗಿದೆ ಎಂದು ಅರ್ಥ. ಸಣ್ಣ ಮರಿಗಳು ಇದರಿಂದ ಸತ್ತೇ ಹೋಗುತ್ತವೆ, ಆದ್ದರಿಂದ ಈ ಮೂರು ವಾರ ಮರಿ ಮಾಡಿಸಬೇಡಿ. ಮೊಟ್ಟೆಯ ಸಿಪ್ಪೆ ಮೇಲೆ ಕಾಣುವ ಕೆಂಪು ಚುಕ್ಕೆ ಜಜ್ಜಿಹೋದ ನುಸಿಯದು. ತೊಳೆದು ಬೇಯಿಸಿ ತಿನ್ನಬಹುದು.

ಇನ್ನು ಹಲಸಿನ ಮರದ ವಿಚಾರ. ಗೂಡು ಸರಿಯಾಯಿತು ಎಂದು ಕೋಳಿಗಳಿಗೆ ಯಾರು ಹೇಳಬೇಕು? ನೀವೇ ಹೊತ್ತು ತರಬೇಕು. ಪೂರ್ತಿ ಕತ್ತಲಾದ ಮೇಲೆ ಹೋಗಿ, ಆಗ ಅವು ಓಡುವುದಿಲ್ಲ. ಮೇಲಿನ ಗೆಲ್ಲಿಗೆ ಏಣಿ ಬೇಕಾದೀತು, ಮಳೆಗೆ ಕಾಂಡ ಜಾರುತ್ತದೆ, ಜಾಗ್ರತೆ. ಒಂದೊಂದನ್ನೇ ಎತ್ತಿ ತಂದು ಅಡ್ಡಕೋಲಿನ ಮೇಲೆ ಕೂರಿಸಿ ಬಾಗಿಲು ಹಾಕಿ. ನಮ್ಮಲ್ಲಿ ನಾಲ್ಕನೇ ಸಂಜೆಗೆ ತಾವೇ ಒಳಗೆ ಬಂದವು. ಒಂದು ಮುದಿ ಹುಂಜ ಮಾತ್ರ ಕೊನೆಯವರೆಗೂ ಮರ ಬಿಡಲಿಲ್ಲ.