ಹರೆಯದಲ್ಲೇ ನಿಮಿರು ದೌರ್ಬಲ್ಯ: ಮಾತ್ರೆಗೆ ಮೊದಲು ಕೇಳಬೇಕಾದ ಪ್ರಶ್ನೆ

ಮದುವೆಯಾಗಿ ಮೂರು ತಿಂಗಳಾಗಿರುವ, ಇಪ್ಪತ್ತೇಳು ಇಪ್ಪತ್ತೆಂಟರ ಯುವಕನೊಬ್ಬನಿಗೆ ಶಿಶ್ನ ಸರಿಯಾಗಿ ನಿಮಿರುತ್ತಿಲ್ಲ, ಅಥವಾ ನಿಮಿರಿದರೂ ಸಂಭೋಗ ಮುಗಿಯುವವರೆಗೆ ನಿಲ್ಲುತ್ತಿಲ್ಲ ಎಂದುಕೊಳ್ಳೋಣ. ಕೋಲಾರ, ಬಂಗಾರಪೇಟೆ, ಮಾಲೂರು, ಎಲ್ಲಿಯವನೇ ಆಗಲಿ, ಅವನು ಇದನ್ನು ಹೆಂಡತಿಯೊಂದಿಗೆ ಮಾತನಾಡುವುದಿಲ್ಲ, ಅಣ್ಣನಿಗೆ ಹೇಳುವುದಿಲ್ಲ; ಊರಿನ ಆಸ್ಪತ್ರೆಗಂತೂ ಹೋಗುವುದೇ ಇಲ್ಲ, ಏಕೆಂದರೆ ಅಲ್ಲಿ ಚೀಟಿ ಬರೆಯುವವರು, ನರ್ಸಮ್ಮ, ಪಕ್ಕದ ಬೆಂಚಿನಲ್ಲಿ ಕುಳಿತವರು ಎಲ್ಲರೂ ಗೊತ್ತಿದ್ದವರೇ. ಬೇರೆ ಬಡಾವಣೆಯ ಮೆಡಿಕಲ್ ಸ್ಟೋರಿಗೆ ಹೋಗಿ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಮೊಬೈಲಿನಲ್ಲಿ ಬರೆದುಕೊಂಡಿರುವ ಮಾತ್ರೆಯ ಹೆಸರನ್ನು ತೋರಿಸುತ್ತಾನೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಆ ಮಾತ್ರೆ ಅವನಿಗೆ ಸಿಗುತ್ತದೆ. ಕೆಲವೊಮ್ಮೆ ಅದು ಕೆಲಸವನ್ನೂ ಮಾಡುತ್ತದೆ. ಆದರೆ ಇಷ್ಟು ಚಿಕ್ಕ ವಯಸ್ಸಿನಲ್ಲಿ ಹೀಗಾಗಲು ಕಾರಣವೇನು ಎಂದು ಯಾರೂ ಅವನನ್ನು ಕೇಳಿರುವುದಿಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ.

ಇದು ಐವತ್ತು ದಾಟಿದವರ ತೊಂದರೆ ಎಂಬ ನಂಬಿಕೆ ವೈದ್ಯರಲ್ಲಿಯೂ ಬಹುಕಾಲ ಇತ್ತು. ಇಟಲಿಯ ಮಿಲಾನ್ ನಗರದ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಿಮಿರು ದೌರ್ಬಲ್ಯಕ್ಕಾಗಿ ಮೊದಲ ಬಾರಿಗೆ ಚಿಕಿತ್ಸೆ ಕೇಳಿ ಬಂದ 439 ಗಂಡಸರಲ್ಲಿ ಸುಮಾರು ನಾಲ್ವರಿಗೊಬ್ಬರು ನಲವತ್ತು ಅಥವಾ ಅದಕ್ಕೂ ಕಡಿಮೆ ವಯಸ್ಸಿನವರಾಗಿದ್ದರು; ಆ ಯುವಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ತೊಂದರೆ ತೀವ್ರವಾಗಿಯೇ ಇತ್ತು. ಆದರೆ ದಣಿದ ರಾತ್ರಿಯಲ್ಲಿ, ಕುಡಿದ ದಿನ, ಜಗಳವಾಡಿದ ದಿನ ಒಮ್ಮೆ ಎರಡು ಸಲ ನಿಮಿರದಿದ್ದರೆ ಅದು ಕಾಯಿಲೆಯಲ್ಲ. ತೃಪ್ತಿಕರ ಸಂಭೋಗಕ್ಕೆ ಬೇಕಾದಷ್ಟು ನಿಮಿರುವಿಕೆ ಬಾರದಿರುವುದು ಅಥವಾ ನಿಲ್ಲದಿರುವುದು ಪದೇ ಪದೇ ಆಗುತ್ತಿದ್ದರೆ ಮಾತ್ರ ಅದು ಚಿಕಿತ್ಸೆಯ ವಿಷಯವಾಗುತ್ತದೆ. ಮನೋವೈದ್ಯರು ಸಾಮಾನ್ಯವಾಗಿ ಆರು ತಿಂಗಳ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸಲಹೆ ಕೇಳಲು ಅಷ್ಟು ದಿನ ಕಾಯಬೇಕಾಗಿಲ್ಲ.

ಕಾರಣಗಳನ್ನು ತಿಳಿಯಬೇಕಾದರೆ ಶಿಶ್ನ ನಿಮಿರುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮನಸ್ಸಿಗೋ ಸ್ಪರ್ಶಕ್ಕೋ ಪ್ರಚೋದನೆ ಸಿಕ್ಕಾಗ ಬೆನ್ನುಹುರಿಯ ಕೆಳಭಾಗದಿಂದ ಬರುವ ನರಗಳು ಶಿಶ್ನದೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತವೆ. ರಕ್ತನಾಳಗಳ ಒಳಪದರವೂ ಅದೇ ಅನಿಲವನ್ನು ಉತ್ಪಾದಿಸಿ ಜೊತೆಗೂಡುತ್ತದೆ. ಇದರಿಂದ ಅಲ್ಲಿನ ಸ್ನಾಯುಕೋಶಗಳಲ್ಲಿ ಸೈಕ್ಲಿಕ್ ಜಿಎಂಪಿ ಎಂಬ ರಾಸಾಯನಿಕ ಹೆಚ್ಚಿ, ಸ್ನಾಯುಗಳು ಸಡಿಲಗೊಂಡು, ರಕ್ತ ತರುವ ಅಪಧಮನಿಗಳು ಅಗಲವಾಗಿ, ಶಿಶ್ನದ ಉದ್ದಕ್ಕೂ ಇರುವ ಎರಡು ರಂಧ್ರಮಯ ಅಂಗಾಂಶಗಳಿಗೆ ರಕ್ತ ನುಗ್ಗುತ್ತದೆ. ಹೀಗೆ ಉಬ್ಬಿದ ಅಂಗಾಂಶವು ರಕ್ತವನ್ನು ಹೊರಗೆ ಸಾಗಿಸುವ ಸಿರೆಗಳನ್ನು ಗಟ್ಟಿಯಾದ ಹೊರಪೊರೆಗೆ ಅದುಮಿ ಮುಚ್ಚಿಬಿಡುತ್ತದೆ. ನಮ್ಮ ಜಿಲ್ಲೆಯ ಕೆರೆಗಳ ಲೆಕ್ಕದಲ್ಲಿ ಹೇಳುವುದಾದರೆ, ಕಾಲುವೆಯಿಂದ ನೀರು ಬಂದು ತುಂಬಿದಂತೆಲ್ಲ ತೂಬು ತಾನಾಗಿಯೇ ಮುಚ್ಚಿಕೊಳ್ಳುವ ವ್ಯವಸ್ಥೆ ಇದು. ಕೆಲಸ ಮುಗಿದ ಮೇಲೆ ಪಿಡಿಇ-5 ಎಂಬ ಕಿಣ್ವ ಸೈಕ್ಲಿಕ್ ಜಿಎಂಪಿಯನ್ನು ಒಡೆದುಹಾಕುತ್ತದೆ, ಸ್ನಾಯುಗಳು ಮತ್ತೆ ಬಿಗಿಯುತ್ತವೆ, ರಕ್ತ ಹಿಂದಕ್ಕೆ ಹರಿಯುತ್ತದೆ. ನೈಟ್ರಿಕ್ ಆಕ್ಸೈಡ್ ರಕ್ತನಾಳಗಳಿಗೆ ಸಂಕೇತವಾಗಿ ಕೆಲಸ ಮಾಡುತ್ತದೆ ಎಂಬುದನ್ನು ಕಂಡುಕೊಂಡುದಕ್ಕಾಗಿ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ 1998ರ ವೈದ್ಯವಿಜ್ಞಾನದ ನೊಬೆಲ್ ಬಹುಮಾನ ಬಂದಿತು. ಎದೆನೋವಿಗೆಂದು ಪರೀಕ್ಷೆಗೊಳಗಾಗಿದ್ದ ಸಿಲ್ಡೆನಾಫಿಲ್ ಎಂಬ ಔಷಧ ನಿಮಿರು ದೌರ್ಬಲ್ಯದ ಮಾತ್ರೆಯಾಗಿ ಅಮೆರಿಕದಲ್ಲಿ ಅನುಮತಿ ಪಡೆದದ್ದೂ ಅದೇ ವರ್ಷದ ಮಾರ್ಚ್‌ನಲ್ಲಿ. ಅದು ಮಾಡುವುದಿಷ್ಟೇ: ಪಿಡಿಇ-5 ಕಿಣ್ವವನ್ನು ತಡೆದು, ಸೈಕ್ಲಿಕ್ ಜಿಎಂಪಿ ಹೆಚ್ಚು ಹೊತ್ತು ಉಳಿಯುವಂತೆ ನೋಡಿಕೊಳ್ಳುತ್ತದೆ.

ಈ ಇಡೀ ಕ್ರಿಯೆ ನಡೆಯಬೇಕಾದರೆ ದೇಹ ನಿರಾಳವಾಗಿರಬೇಕು. ಹೆದರಿಕೆ, ಆತಂಕ, ಗಾಬರಿಯ ಹೊತ್ತಿನಲ್ಲಿ ಅಡ್ರಿನಲಿನ್ ಮತ್ತು ಅದರ ಬಳಗದ ರಾಸಾಯನಿಕಗಳು ಹೆಚ್ಚುತ್ತವೆ; ಅವು ಶಿಶ್ನದ ಸ್ನಾಯುಗಳನ್ನು ಬಿಗಿದು, ರಕ್ತ ಬರುವ ದಾರಿಯನ್ನೇ ಕಿರಿದಾಗಿಸುತ್ತವೆ. ನಮ್ಮ ಕಡೆಯ ಮದುವೆಗಳನ್ನು ನೆನೆಸಿಕೊಳ್ಳಿ. ಹಿಂದಿನ ರಾತ್ರಿ ಆರತಕ್ಷತೆ, ಹನ್ನೆರಡು ಗಂಟೆಯವರೆಗೆ ವೇದಿಕೆಯ ಮೇಲೆ ನಿಂತು ಫೋಟೊ, ಬೆಳಗಿನ ಜಾವಕ್ಕೆ ಎದ್ದು ಮುಹೂರ್ತ, ಆಮೇಲೆ ಮನೆ ತುಂಬ ನೆಂಟರು. ಇಷ್ಟಾದ ಮೇಲೆ ಪ್ರಸ್ತದ ಕೋಣೆ. ಸರಿಯಾಗಿ ಮಾತನ್ನೂ ಆಡಿರದ ಇಬ್ಬರು ಅಲ್ಲಿ ಒಬ್ಬರಿಗೊಬ್ಬರು ಹೊಸಬರು, ಪಕ್ಕದ ಹಾಲಿನಲ್ಲಿ ಚಾಪೆಯ ಮೇಲೆ ಮಲಗಿದವರ ಕೆಮ್ಮು ಇತ್ತ ಕೇಳಿಸುತ್ತಿರುತ್ತದೆ. ಆ ರಾತ್ರಿ ನಿಮಿರದೆ ಹೋದರೆ ದೇಹದಲ್ಲಿ ಯಾವ ದೋಷವೂ ಇಲ್ಲ. ತೊಂದರೆ ಶುರುವಾಗುವುದು ಎರಡನೆಯ ರಾತ್ರಿ, ಇವತ್ತೂ ಹಾಗೆಯೇ ಆದರೆ ಎಂಬ ಭಯದಿಂದ. ಆಗ ಅವನ ಗಮನ ಹೆಂಡತಿಯ ಮೇಲಿರುವುದಿಲ್ಲ. ತನ್ನನ್ನೇ ತಾನು ಪರೀಕ್ಷಿಸಿಕೊಳ್ಳುತ್ತಿರುತ್ತಾನೆ, ಮತ್ತು ಆ ಪರೀಕ್ಷೆಯೇ ಅಡ್ರಿನಲಿನ್ ಹೆಚ್ಚಿಸುತ್ತದೆ. ಆಷಾಢಕ್ಕೆ ಹೆಂಡತಿ ತವರಿಗೆ ಹೋದಾಗ ಸಮಾಧಾನದ ಉಸಿರು ಬಿಡುವ ಅವನು, ಶ್ರಾವಣ ಬರುವ ಹೊತ್ತಿಗೆ ಮತ್ತೆ ನಿದ್ದೆಗೆಡುತ್ತಾನೆ. ‘ಏನಾದರೂ ವಿಶೇಷ ಉಂಟಾ?’ ಎಂದು ಅತ್ತೆ ಚಿಕ್ಕಮ್ಮಂದಿರು ಕೇಳುವ ಪ್ರಶ್ನೆ ಈ ಗಂಡಹೆಂಡತಿಯರ ಪಾಲಿಗೆ ಎಷ್ಟು ಭಾರವಾದದ್ದು ಎಂಬುದನ್ನು ಕೇಳುವವರು ಯೋಚಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಇದರೊಂದಿಗೆ ಹಳೆಯ ಭಯವೊಂದೂ ಸೇರಿಕೊಂಡಿರುತ್ತದೆ. ನಲವತ್ತು ಹನಿ ರಕ್ತದಿಂದ ಒಂದು ಹನಿ ವೀರ್ಯ ಆಗುತ್ತದೆ, ಹಸ್ತಮೈಥುನದಿಂದಲೂ ಸ್ವಪ್ನಸ್ಖಲನದಿಂದಲೂ ನರ ಸತ್ತುಹೋಗುತ್ತದೆ ಎಂಬ ಮಾತನ್ನು ಹೈಸ್ಕೂಲಿನಲ್ಲಿ ಕೇಳಿದವನು ಮೂವತ್ತರಲ್ಲಿಯೂ ಅದನ್ನು ಮರೆತಿರುವುದಿಲ್ಲ. ವೀರ್ಯ ನಷ್ಟದ ಈ ಭಯ ನಮ್ಮ ದೇಶದಲ್ಲಿ ಎಷ್ಟು ವ್ಯಾಪಕವೆಂದರೆ, ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂಬ ಹೆಸರನ್ನೇ ಕೊಟ್ಟರು. ವೀರ್ಯ ರಕ್ತದಿಂದ ತಯಾರಾಗುವುದಿಲ್ಲ. ಅದರ ಬಹುಪಾಲು ವೀರ್ಯಕೋಶಿಕೆ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ, ಹೊರಹೋದದ್ದು ಮತ್ತೆ ತುಂಬಿಕೊಳ್ಳುತ್ತದೆ. ಹಸ್ತಮೈಥುನ ನರಗಳನ್ನು ಕೊಲ್ಲುವುದಿಲ್ಲ. ಆದರೆ ಕೊಲ್ಲುತ್ತದೆ ಎಂಬ ನಂಬಿಕೆ ಮಾತ್ರ ಆತಂಕವನ್ನು ಹುಟ್ಟಿಸಿ ನಿಮಿರುವಿಕೆಯನ್ನು ನಿಜವಾಗಿಯೂ ಕೆಡಿಸಬಲ್ಲದು.

ಕಾರಣ ಮನಸ್ಸಿನದೋ ದೇಹದ್ದೋ ಎಂದು ಅಂದಾಜಿಸಲು ವೈದ್ಯರು ಕೇಳುವ ಮೊದಲ ಪ್ರಶ್ನೆ, ಬೆಳಗ್ಗೆ ಎದ್ದಾಗ ನಿಮಿರಿರುತ್ತದೆಯೇ ಎಂಬುದು. ಆರೋಗ್ಯವಂತ ಗಂಡಸಿನಲ್ಲಿ ನಿದ್ದೆಯ ಕನಸಿನ ಹಂತಗಳಲ್ಲಿ, ರಾತ್ರಿಗೆ ಮೂರರಿಂದ ಐದು ಬಾರಿ, ಅವನಿಗೆ ತಿಳಿಯದೆಯೇ ಶಿಶ್ನ ನಿಮಿರುತ್ತದೆ. ನಿದ್ದೆಯಲ್ಲಿಯೂ ಬೆಳಗ್ಗೆಯೂ ಗಟ್ಟಿಯಾಗಿ ನಿಮಿರಿ, ಒಬ್ಬನೇ ಇದ್ದಾಗಲೂ ಸರಿಯಾಗಿದ್ದು, ಹೆಂಡತಿಯ ಜೊತೆಯಲ್ಲಿ ಮಾತ್ರ ತೊಂದರೆಯಾಗುತ್ತಿದ್ದರೆ ರಕ್ತನಾಳಗಳೂ ನರಗಳೂ ಬಹುಮಟ್ಟಿಗೆ ಸುಸ್ಥಿತಿಯಲ್ಲಿವೆ ಎಂದರ್ಥ. ಹಾಗಲ್ಲದೆ ಬೆಳಗಿನ ನಿಮಿರುವಿಕೆಯೂ ತಿಂಗಳುಗಳಿಂದ ನಿಧಾನವಾಗಿ ಕಡಿಮೆಯಾಗುತ್ತ ಬಂದಿದ್ದರೆ ದೇಹವನ್ನು ಪರೀಕ್ಷಿಸಲೇಬೇಕು.

ಹಾಗೆ ಪರೀಕ್ಷಿಸಿದಾಗ ಮೊದಲು ಹುಡುಕುವುದು ಸಕ್ಕರೆ ಕಾಯಿಲೆಯನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹೆಚ್ಚಿದ ಸಕ್ಕರೆ ರಕ್ತನಾಳದ ಒಳಪದರವನ್ನೂ ಸೂಕ್ಷ್ಮ ನರಗಳನ್ನೂ ಒಟ್ಟಿಗೇ ಕೆಡಿಸುತ್ತದೆ, ಅಂದರೆ ನೈಟ್ರಿಕ್ ಆಕ್ಸೈಡ್ ಹುಟ್ಟುವ ಎರಡೂ ಜಾಗಗಳಿಗೆ ಪೆಟ್ಟು ಬೀಳುತ್ತದೆ. ರಕ್ತದೊತ್ತಡ, ಕೊಲೆಸ್ಟರಾಲ್, ಬೊಜ್ಜು, ಬೀಡಿ, ಸಿಗರೇಟು ಕೂಡ ಇದೇ ಒಳಪದರಕ್ಕೆ ಕೈಹಾಕುತ್ತವೆ. ಶಿಶ್ನದ ಅಪಧಮನಿಗಳ ಅಗಲ ಒಂದೆರಡು ಮಿಲಿಮೀಟರ್. ಹೃದಯದ ಅಪಧಮನಿಗಳದು ಮೂರು ನಾಲ್ಕು ಮಿಲಿಮೀಟರ್. ನಾಳಗಳು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಕಟ್ಟಿಕೊಳ್ಳತೊಡಗಿದರೆ ಸಣ್ಣದರಲ್ಲಿ ಲಕ್ಷಣ ಮೊದಲು ಕಾಣಿಸುತ್ತದೆ ಎಂಬುದು ಸಹಜವೇ. ಎದೆನೋವು ಕಾಣಿಸಿಕೊಳ್ಳುವ ಎರಡರಿಂದ ಐದು ವರ್ಷ ಮೊದಲೇ ನಿಮಿರು ದೌರ್ಬಲ್ಯ ಕಾಣಿಸಿಕೊಂಡಿದ್ದುದನ್ನು ಹೃದ್ರೋಗ ತಜ್ಞರು ಗುರುತಿಸಿದ್ದಾರೆ. ಆದ್ದರಿಂದಲೇ ಮೂವತ್ತೈದರ ಗಂಡಸು ಮೆಡಿಕಲ್ ಸ್ಟೋರಿನ ಮಾತ್ರೆಯಿಂದ ಸಮಾಧಾನಪಟ್ಟುಕೊಂಡು ಸಕ್ಕರೆ, ಬಿಪಿ ನೋಡಿಸದೆ ಉಳಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಅವನ ದೇಹ ಕೊಟ್ಟ ಮುನ್ಸೂಚನೆಯನ್ನು ಮಾತ್ರೆ ಮುಚ್ಚಿಹಾಕಿರುತ್ತದೆ.

ನಿದ್ದೆಯ ವಿಷಯವನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಲ್ಲಿ ವಾರಕ್ಕೊಂದು ಪಾಳಿ ಬದಲಿಸುವ ಹುಡುಗರು, ಬಂಗಾರಪೇಟೆಯಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರು ಐದು ಗಂಟೆ ನಿದ್ದೆ ಮಾಡಿದರೆ ಹೆಚ್ಚು. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ, ಆರೋಗ್ಯವಂತ ಯುವಕರನ್ನು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿಸಿದಾಗ ಅವರ ಹಗಲಿನ ಟೆಸ್ಟೊಸ್ಟಿರಾನ್ (ಗಂಡಸರ ಲೈಂಗಿಕ ಹಾರ್ಮೋನ್) ಮಟ್ಟ ಶೇ. 10ರಿಂದ 15ರಷ್ಟು ಇಳಿದಿತ್ತು. ಆಯಾಸ ಕಳೆಯಲೆಂದು ಅದರ ಮೇಲೆ ಕುಡಿತವೂ ಸೇರಿದರೆ ಸ್ಥಿತಿ ಇನ್ನಷ್ಟು ಕೆಡುತ್ತದೆ. ಮೈ ಬೆಳೆಸಲೆಂದು ಜಿಮ್‌ಗಳಲ್ಲಿ ಸ್ಟಿರಾಯ್ಡ್ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಬೇರೆಯೇ ಅಪಾಯವಿದೆ: ಹೊರಗಿನಿಂದ ಹಾರ್ಮೋನ್ ಬರುತ್ತಿದೆ ಎಂದು ಮೆದುಳು ವೃಷಣಗಳಿಗೆ ಕೊಡುವ ಸೂಚನೆಯನ್ನು ನಿಲ್ಲಿಸುತ್ತದೆ, ವೃಷಣಗಳು ಕುಗ್ಗುತ್ತವೆ, ಇಂಜೆಕ್ಷನ್ ಬಿಟ್ಟ ಮೇಲೆ ತಿಂಗಳುಗಟ್ಟಲೆ ಕಾಮಾಸಕ್ತಿಯೂ ನಿಮಿರುವಿಕೆಯೂ ವೀರ್ಯಾಣುಗಳೂ ಕಡಿಮೆಯಾಗಿರುತ್ತವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಬಿಪಿಯ ಕೆಲವು ಮಾತ್ರೆಗಳು, ಕೂದಲುದುರುವುದಕ್ಕೆ ಕೊಡುವ ಫಿನಾಸ್ಟರೈಡ್ ಕೂಡ ಕೆಲವರಲ್ಲಿ ಈ ತೊಂದರೆ ತರುತ್ತವೆ. ಅವನ್ನು ತಾವಾಗಿಯೇ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೇ ತಿಳಿಸಿದರೆ ಬದಲಿ ಔಷಧ ಸಾಮಾನ್ಯವಾಗಿ ಸಿಗುತ್ತದೆ.

ಬಸ್ ನಿಲ್ದಾಣಗಳ ಶೌಚಾಲಯದ ಗೋಡೆಗೆ ಅಂಟಿಸಿದ ಹಳದಿ ಚೀಟಿಗಳನ್ನು ನೋಡದವರಿಲ್ಲ: ಗುಪ್ತರೋಗ, ನರಗಳ ವೀಕ್‌ನೆಸ್, ಶೀಘ್ರಸ್ಖಲನ, ಗ್ಯಾರಂಟಿ ಚಿಕಿತ್ಸೆ, ಇಂಥ ಲಾಡ್ಜಿನ ಇಂಥ ರೂಮಿನಲ್ಲಿ ತಿಂಗಳಿಗೊಮ್ಮೆ ಭೇಟಿ. ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಹೇಳಿ ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆದರೂ ಚೀಟಿಗಳು ಹಾಗೆಯೇ ಇವೆ, ಈಗ ಮೊಬೈಲಿಗೂ ಬಂದಿವೆ. ಗಿಡಮೂಲಿಕೆಯದೆಂದು ಮಾರುವ ಇಂಥ ಪುಡಿ, ಗುಳಿಗೆಗಳಲ್ಲಿ ಸಿಲ್ಡೆನಾಫಿಲ್ ಅನ್ನೇ ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆಹಚ್ಚಿದ್ದಾರೆ. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆಯ ಜೊತೆ ಇದು ಸೇರಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು, ಮತ್ತು ಪುಡಿ ನುಂಗಿದವನಿಗೆ ತಾನು ಏನನ್ನು ನುಂಗಿದೆ ಎಂಬುದೇ ತಿಳಿದಿರುವುದಿಲ್ಲ.

ಸರಿಯಾದ ದಾರಿ ಇದಕ್ಕಿಂತ ಅಗ್ಗವಾದದ್ದು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿಯೋ ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೋ ಓಪಿಡಿ ಚೀಟಿ ಮಾಡಿಸುವಾಗ ತೊಂದರೆಯನ್ನು ವಿವರಿಸಬೇಕಾಗಿಲ್ಲ. ಮೆಡಿಸಿನ್ ವಿಭಾಗ ಎಂದರೆ ಸಾಕು, ಉಳಿದದ್ದನ್ನು ವೈದ್ಯರೊಬ್ಬರಿಗೇ ಹೇಳಬಹುದು. ಅವರು ಬಿಪಿ, ಸೊಂಟದ ಸುತ್ತಳತೆ ನೋಡಿ, ವೃಷಣಗಳನ್ನು ಪರೀಕ್ಷಿಸಿ, ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಅಗತ್ಯವೆನಿಸಿದರೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನುಗಳ ಪರೀಕ್ಷೆಗಳನ್ನು ಬರೆಯುತ್ತಾರೆ. ಟೆಸ್ಟೊಸ್ಟಿರಾನ್ ಬೆಳಗಿನ ಹೊತ್ತು ಹೆಚ್ಚಿರುವುದರಿಂದ ಆ ರಕ್ತವನ್ನು ಬೆಳಗ್ಗೆಯೇ ಕೊಡಬೇಕು. ಕಡಿಮೆ ಬಂದರೆ ಇನ್ನೊಂದು ಬೆಳಗ್ಗೆ ಮತ್ತೆ ನೋಡಿ ಖಚಿತಪಡಿಸಿಕೊಳ್ಳಬೇಕು. ಆತಂಕ, ಖಿನ್ನತೆಗಳ ವಿಷಯದಲ್ಲಿ ಎದುರಿಗೆ ಕುಳಿತು ಮಾತನಾಡಲು ಧೈರ್ಯವಾಗದವರು ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಾರಣ ಆತಂಕವೇ ಆಗಿದ್ದರೆ ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಕೊಡುವ ಆಪ್ತಸಲಹೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಸಂಶೋಧಕರು ರೂಪಿಸಿದ ವಿಧಾನದಲ್ಲಿ ಕೆಲವು ವಾರ ಸಂಭೋಗವನ್ನು ವೈದ್ಯರೇ ಬೇಡವೆನ್ನುತ್ತಾರೆ. ಬರೀ ಮುಟ್ಟುವುದು, ತಬ್ಬಿಕೊಳ್ಳುವುದು, ಮಾತನಾಡುವುದು ಮಾತ್ರ. ಗೆಲ್ಲಬೇಕಾದ ಪರೀಕ್ಷೆಯೇ ಇಲ್ಲವಾದಾಗ ಭಯ ಕರಗಿ ನಿಮಿರುವಿಕೆ ತಾನಾಗಿ ಮರಳುತ್ತದೆ. ಹೆಂಡತಿಗೆ ‘ತಪ್ಪು ನಿನ್ನದಲ್ಲ’ ಎಂಬ ಮಾತು ವೈದ್ಯರ ಬಾಯಿಂದ ಕೇಳಿಸುವುದೂ ಅಷ್ಟೇ ಅಗತ್ಯ, ಏಕೆಂದರೆ ತಾನು ಅವನಿಗೆ ಇಷ್ಟವಿಲ್ಲವೇನೋ ಎಂದು ಅವಳು ಒಳಗೊಳಗೇ ಕೊರಗುತ್ತಿರುತ್ತಾಳೆ. ಬೊಜ್ಜಿರುವವರಿಗೆ ಆಹಾರ ಮತ್ತು ವ್ಯಾಯಾಮವೇ ದೊಡ್ಡ ಔಷಧ: 2004ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ, ಎರಡು ವರ್ಷ ತೂಕ ಇಳಿಸುವ ಕ್ರಮ ಪಾಲಿಸಿದ ಬೊಜ್ಜುಳ್ಳ ಗಂಡಸರಲ್ಲಿ ಸುಮಾರು ಮೂರರಲ್ಲಿ ಒಂದು ಭಾಗದಷ್ಟು ಮಂದಿಗೆ ನಿಮಿರುವಿಕೆ ಸರಿಹೋಗಿತ್ತು. ವಾರಕ್ಕೆ ನಾಲ್ಕು ದಿನ, ನಲವತ್ತು ನಿಮಿಷದ ಬಿರುಸಿನ ನಡಿಗೆ ಅಥವಾ ಓಟವನ್ನು ಆರು ತಿಂಗಳು ಮಾಡಿ ನೋಡುವುದು ಯಾರಿಗೂ ಕಷ್ಟವಲ್ಲ.

ಮಾತ್ರೆ ಬೇಡವೆಂದು ನಾನು ಹೇಳುತ್ತಿಲ್ಲ. ಕಾರಣ ತಿಳಿದ ಮೇಲೆ, ಸರಿಯಾಗಿ ಬಳಸಿದರೆ ಅದು ಒಳ್ಳೆಯ ಔಷಧ. ಸಿಲ್ಡೆನಾಫಿಲ್ ಅನ್ನು ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಬಿರಿಯಾನಿ ಉಂಡು ನುಂಗಿದರೆ ಕೊಬ್ಬಿನಿಂದಾಗಿ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಇದೇ ಬಗೆಯ ಇನ್ನೊಂದು ಮಾತ್ರೆ ಟಡಾಲಾಫಿಲ್‌ನ ಪರಿಣಾಮ ಮೂವತ್ತಾರು ಗಂಟೆಯವರೆಗೂ ಉಳಿಯಬಲ್ಲದು, ಊಟದಿಂದ ಅದಕ್ಕೆ ಅಡ್ಡಿಯಿಲ್ಲ. ಎರಡೂ ಆಸೆಯನ್ನು ಹುಟ್ಟಿಸುವುದಿಲ್ಲ, ಪ್ರಚೋದನೆ ಇಲ್ಲದೆ ಕೆಲಸ ಮಾಡುವುದೂ ಇಲ್ಲ. ತಲೆನೋವು, ಮುಖ ಕೆಂಪಾಗುವುದು, ಮೂಗು ಕಟ್ಟುವುದು ಸಾಮಾನ್ಯ. ನಿಮಿರುವಿಕೆ ನಾಲ್ಕು ಗಂಟೆ ದಾಟಿಯೂ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆತಂಕದ ಯುವಕನಿಗೆ ವೈದ್ಯರು ಕೆಲವು ವಾರ ಕಡಿಮೆ ಪ್ರಮಾಣದ ಮಾತ್ರೆ ಕೊಟ್ಟು, ಧೈರ್ಯ ಬಂದ ಮೇಲೆ ಕ್ರಮೇಣ ಬಿಡಿಸುವುದುಂಟು. ಮಾತ್ರೆಗೆ ಬಗ್ಗದವರಿಗೆ ನಿರ್ವಾತ ಪಂಪು, ಶಿಶ್ನಕ್ಕೆ ಕೊಡುವ ಸಣ್ಣ ಇಂಜೆಕ್ಷನ್, ಕೊನೆಯದಾಗಿ ಒಳಗೆ ಕೂರಿಸುವ ಸಾಧನವೂ ಇದೆ, ಆದರೆ ಯುವಕರಲ್ಲಿ ಅಲ್ಲಿಯವರೆಗೆ ಹೋಗಬೇಕಾಗುವುದು ಅಪರೂಪ.

ಹೆದ್ದಾರಿಯಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕು ಸೊಂಟದ ಕೆಳಗಿನ ಮೂಳೆ ಮುರಿದುಕೊಂಡವರ ವಿಷಯ ಮಾತ್ರ ಬೇರೆ. ಅಲ್ಲಿ ಶಿಶ್ನಕ್ಕೆ ಹೋಗುವ ಅಪಧಮನಿಯೋ ನರವೋ ಕತ್ತರಿಸಿಹೋಗಿರಬಹುದು. ಉಳಿದ ರಕ್ತನಾಳಗಳು ಆರೋಗ್ಯವಾಗಿರುವ ಇಂಥ ಆಯ್ದ ಯುವಕರಲ್ಲಿ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ತಡೆ ಎಲ್ಲಿದೆ ಎಂದು ಕಂಡುಕೊಂಡು, ಸೂಕ್ಷ್ಮ ಶಸ್ತ್ರಚಿಕಿತ್ಸೆಯಿಂದ ರಕ್ತದ ಹಾದಿಯನ್ನು ಮತ್ತೆ ಜೋಡಿಸಲು ಸಾಧ್ಯವಿದೆ. ಮೂಳೆ ಕೂಡಿದ ಮೇಲಿನ ತಪಾಸಣೆಗೆ ಹೋದಾಗ ಈ ವಿಷಯವನ್ನು ರೋಗಿಯೇ ಎತ್ತಿ, ಯೂರಾಲಜಿ (ಮೂತ್ರ ಮತ್ತು ಜನನಾಂಗಗಳ) ತಜ್ಞರಿಗೆ ಚೀಟಿ ಬರೆಸಿಕೊಳ್ಳಬೇಕು. ಮೂಳೆ ನೋಡುವ ವೈದ್ಯರು ತಾವಾಗಿ ಕೇಳದಿರುವ ಸಾಧ್ಯತೆಯೇ ಹೆಚ್ಚು.