ಮೆಟಲ್ ಗಿಟಾರ್ ಹುಚ್ಚಿರುವವರಿಗೆ ಯಾವ ಕ್ಲಾಸಿಕಲ್ ಕೇಳಿಸಬೇಕು?

ಪ್ರಶ್ನೆ: ನನಗೆ ವೆಸ್ಟರ್ನ್ ಕ್ಲಾಸಿಕಲ್ ಅಂದರೆ ಪ್ರಾಣ. ನನ್ನ ಗೆಳೆಯನಿಗೆ ಮೆಟಲ್ ಗಿಟಾರ್ ಬಿಟ್ಟರೆ ಬೇರೆ ಲೋಕವೇ ಇಲ್ಲ. ನನಗಿಷ್ಟವಾದದ್ದನ್ನೆಲ್ಲ ಕಳಿಸಿ ನೋಡಿದೆ. ‘ಚೆನ್ನಾಗಿದೆ, ನಿದ್ದೆ ಬರುತ್ತೆ’ ಅಂದ. ಅವನಿಗೆ ಏನು ಕೇಳಿಸಲಿ?

ವಿವಾಲ್ಡಿಯಿಂದ ಶುರು ಮಾಡಿ. ಆದರೆ ‘ಫೋರ್ ಸೀಸನ್ಸ್’ ಪೂರ್ತಿ ಕಳಿಸಬೇಡಿ. ಅದರ ಮೊದಲ ತುಣುಕನ್ನು ಲಿಫ್ಟಲ್ಲಿ, ಫೋನ್ ಹೋಲ್ಡಲ್ಲಿ ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ. ‘ಸಮ್ಮರ್’ ಕಾನ್ಸರ್ಟೊದ ಮೂರನೇ ಭಾಗ ಒಂದನ್ನೇ ಕಳಿಸಿ. ಮೂರು ನಿಮಿಷದ ಆಸುಪಾಸು, ಅಷ್ಟೇ. ಗುಡುಗು, ಆಲಿಕಲ್ಲು, ತೆನೆಗಳೆಲ್ಲ ಮುರಿದು ಬೀಳುವುದು, ಇದೇ ಅದರ ವಿಷಯ. 1725ರಲ್ಲಿ ಅಚ್ಚಾದದ್ದು. ಪಿಟೀಲುಗಳೆಲ್ಲ ಸೇರಿ ಒಂದೇ ಸ್ವರದ ಮೇಲೆ ಕಮಾನನ್ನು ಹಿಂದಕ್ಕೂ ಮುಂದಕ್ಕೂ ಪಟಪಟನೆ ಉಜ್ಜುತ್ತವೆ, ಆಮೇಲೆ ಒಂದೇ ಉಸಿರಿಗೆ ಕೆಳಕ್ಕೆ ಜಾರುತ್ತವೆ. ನಿಮ್ಮ ಗೆಳೆಯ ಬ್ಲ್ಯಾಕ್ ಮೆಟಲ್ ಕೇಳುವವನಾದರೆ ಏನೂ ವಿವರಿಸಬೇಕಿಲ್ಲ. ಇದು ಟ್ರೆಮೊಲೊ ಪಿಕಿಂಗ್ ಅಲ್ವಾ ಅಂತ ಅವನೇ ಕೇಳುತ್ತಾನೆ. ಗಿಟಾರ್‌ನಲ್ಲಿ ಒಂದೇ ಸ್ವರವನ್ನು ಹೀಗೆ ಪಟಪಟನೆ ಮೀಟುವುದಕ್ಕೆ ಆ ಹೆಸರು. ಇಲ್ ಜಾರ್ದಿನೊ ಅರ್ಮೋನಿಕೊ ತಂಡದ ರೆಕಾರ್ಡಿಂಗ್ ಸಿಕ್ಕರೆ ಅದನ್ನೇ ಕಳಿಸಿ. ಹಳೆಯ ಕಾಲದ ವಾದ್ಯಗಳು, ಒರಟು ದನಿ, ನಯ ನಾಜೂಕು ಏನೂ ಇಲ್ಲ.

ನೀವು ಮೊದಲು ಕಳಿಸಿದ್ದು ಯಾಕೆ ನಾಟಲಿಲ್ಲ ಅನ್ನುವುದನ್ನು ಊಹಿಸಬಹುದು. ನೀವು ಸುಂದರವಾದದ್ದನ್ನು ಕಳಿಸಿದಿರಿ. ಗಿಟಾರ್ ಕೇಳುವವರ ಕಿವಿ ಇರುವುದು ಸೌಂದರ್ಯದ ಮೇಲಲ್ಲ, ಕೈ ಮೇಲೆ. ಬೆರಳು ಎಲ್ಲಿ ಹೋಯಿತು, ತಂತಿಯನ್ನು ಎಲ್ಲಿ ಅದುಮಿ ಹಿಡಿದ, ಎಲ್ಲಿ ಬಿಟ್ಟ, ಇದನ್ನೇ ಅವರು ಕೇಳುತ್ತಾರೆ. ದೊಡ್ಡ ಆರ್ಕೆಸ್ಟ್ರಾದಲ್ಲಿ ಎಷ್ಟೋ ಕೈಗಳು ಸೇರಿ ಒಂದು ಕೈಯೂ ಕೇಳಿಸದ ಹಾಗೆ ಆಗಿಬಿಡುತ್ತದೆ. ಹಾಗಾಗಿ ಒಬ್ಬರೇ ನುಡಿಸುವುದನ್ನೋ ನಾಲ್ಕು ಜನ ನುಡಿಸುವುದನ್ನೋ ಹುಡುಕಿ. ನಾಲ್ಕು ಜನ ಅಂದರೆ ಬ್ಯಾಂಡ್ ತಾನೆ?

ಒಬ್ಬರೇ ಅಂದಾಗ ಬಾಕ್. ಪಿಟೀಲಿಗಾಗಿ ಬರೆದ ಮೂರನೇ ಪಾರ್ಟಿಟಾದ (ಅಂದರೆ ತುಣುಕುಗಳ ಸರಣಿ) ‘ಪ್ರೆಲ್ಯೂಡಿಯೊ’ ಹಾಕಿ. ಮೆಟಲ್ ರಿಫ್‌ಗಳಲ್ಲಿ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳಲ್ಲಿ, ಒಂದು ಮಾಮೂಲಿ ವರಸೆ ಇದೆ: ಕೆಳಗಿನ ದಪ್ಪ ತಂತಿಯನ್ನು ಅಂಗೈಯಿಂದ ಒತ್ತಿ ಚಗ್ ಚಗ್ ಅನ್ನಿಸುತ್ತಲೇ ಇರುವುದು, ನಡುನಡುವೆ ಮೇಲಿನ ಸ್ವರಗಳನ್ನು ಮಾತ್ರ ಬದಲಾಯಿಸುವುದು. ಒಂದು ಸ್ವರ ಕದಲದೆ ನಿಲ್ಲುತ್ತದೆ, ಉಳಿದವು ಅದರ ಸುತ್ತ ಓಡಾಡುತ್ತವೆ. ಬಾಕ್ ಇದನ್ನೇ ತಲೆಕೆಳಗು ಮಾಡುತ್ತಾನೆ. ಮೇಲಿನ ಇ ತಂತಿ ಖಾಲಿಯಾಗಿ ಮೊಳಗುತ್ತಲೇ ಇರುತ್ತದೆ, ಕಮಾನು ಆ ತಂತಿಗೂ ಪಕ್ಕದ ತಂತಿಗೂ ನಡುವೆ ಜಿಗಿಯುತ್ತಿರುತ್ತದೆ. ಬಾಕ್ ಇದನ್ನು ಸ್ವಂತ ಕೈಯಲ್ಲಿ ಬರೆದಿಟ್ಟ ಪ್ರತಿಯ ಮೇಲೆ 1720 ಅಂತ ಇಸವಿ ಇದೆ. ಅದೇ ಕಟ್ಟಿನಲ್ಲಿ ಡಿ ಮೈನರ್‌ನ ‘ಶಾಕೋನ್’ ಕೂಡ ಇದೆ. ನಾಲ್ಕು ಬಾರ್‌ನ ಒಂದು ನಡೆಯನ್ನು ಕಾಲು ಗಂಟೆ ಹೊತ್ತು ಮತ್ತೆ ಮತ್ತೆ ಬೇರೆ ಥರ ಕಟ್ಟುತ್ತಾ ಹೋಗುತ್ತದೆ, ಅದೂ ಒಂದೇ ಪಿಟೀಲು. ಡೂಮ್ ಮೆಟಲ್ ಕೇಳುವವರಿಗೆ ನಿಧಾನ ಅನ್ನುವುದು ದೂರಲ್ಲವಲ್ಲ, ಅವರಿಗೆ ಇದು ಸರಿಹೋಗುತ್ತದೆ. ಬೇರೆಯವರಿಗೆ ಮೊದಲ ದಿನವೇ ಬೇಡ.

ಪಗನಿನಿ ಹೆಸರನ್ನು ಎಲ್ಲರೂ ಹೇಳುತ್ತಾರೆ. ಒಂಟಿ ಪಿಟೀಲಿಗೆ ಬರೆದ 24 ಕ್ಯಾಪ್ರಿಸ್‌ಗಳು, 1820ರಲ್ಲಿ ಅಚ್ಚಾದವು. ಐದನೆಯದನ್ನು ಕಳಿಸಿ. 1986ರ ‘ಕ್ರಾಸ್‌ರೋಡ್ಸ್’ ಸಿನಿಮಾದ ಕೊನೆಯಲ್ಲಿ ಸ್ಟೀವ್ ವಾಯ್ ನುಡಿಸುವ ಗಿಟಾರ್ ಹುಟ್ಟಿದ್ದೇ ಅದರಿಂದ. ಗಿಟಾರ್ ವಾದಕ ಇಂಗ್ವೇ ಮಾಲ್ಮ್‌ಸ್ಟೀನ್ ಅಭಿಮಾನಿಗಳಿಗಂತೂ ಪಗನಿನಿ ಮನೆದೇವರು. ನನಗೆ ಮಾತ್ರ ಒಂದೇ ಸಲಕ್ಕೆ ಎರಡು ಕ್ಯಾಪ್ರಿಸ್‌ಗಿಂತ ಜಾಸ್ತಿ ಆಗಲ್ಲ. ಸುಮ್ನೆ ವೇಗ ಎಷ್ಟು ಹೊತ್ತು ಅಂತ ಕೇಳುವುದು?

ಈಗ ನಾಲ್ಕು ಜನರ ವಿಷಯ. ಒಂದನ್ನೇ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ: ಶಾಸ್ತಕೋವಿಚ್‌ನ ಎಂಟನೇ ಸ್ಟ್ರಿಂಗ್ ಕ್ವಾರ್ಟೆಟ್. ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ. 1960ರಲ್ಲಿ, ಡ್ರೆಸ್ಡನ್ ಹತ್ತಿರ ಇದ್ದಾಗ ಮೂರೇ ದಿನದಲ್ಲಿ ಬರೆದದ್ದು. ಫ್ಯಾಸಿಸಂ ಮತ್ತು ಯುದ್ಧಕ್ಕೆ ಬಲಿಯಾದವರ ನೆನಪಿಗೆ ಅಂತ ಅರ್ಪಣೆ. ಇಲ್ಲಿ ಮಾತ್ರ ಒಂದೇ ಭಾಗ ಕಳಿಸುವ ನಿಯಮ ಮುರಿಯಿರಿ, ಮೊದಲ ಎರಡು ಭಾಗ ಒಟ್ಟಿಗೆ ಹೋಗಲಿ. ನಡುವೆ ವಿರಾಮ ಇಲ್ಲ. ಮೊದಲನೆಯದು ನಿಧಾನ, ಡಿ, ಇ ಫ್ಲ್ಯಾಟ್, ಸಿ, ಬಿ ಅನ್ನುವ ನಾಲ್ಕು ಸ್ವರಗಳಿಂದ ಶುರು. ಜರ್ಮನ್ ಪದ್ಧತಿಯಲ್ಲಿ ಇವನ್ನು ಡಿ, ಎಸ್, ಸಿ, ಎಚ್ ಅನ್ನುತ್ತಾರೆ, ಅದು ಅವನ ಹೆಸರಿನ ಸಹಿ. ಕೊನೆಗೆ ಒಂದು ಸ್ವರ ಎಳೆಯುತ್ತಾ ಎಳೆಯುತ್ತಾ ಇರುವಾಗಲೇ ಎರಡನೇ ಭಾಗ ಮುಖಕ್ಕೆ ಅಪ್ಪಳಿಸುತ್ತದೆ. ಅದೇ ನಾಲ್ಕು ಸ್ವರ ಈಗ ಹುಚ್ಚು ಓಟದಲ್ಲಿ ವಾಪಸ್ ಬರುತ್ತವೆ. ರಿಫ್ ಅಂದರೆ ಇದೇ. ಒಂದು ಕಡೆ ವಯೋಲಾ, ಚೆಲ್ಲೊ ಎರಡೂ ತಂತಿ ತಂತಿಗೆ ಹಾರುತ್ತಾ ಕೆಳಗೆ ಅಲೆ ಎಬ್ಬಿಸುತ್ತಿದ್ದರೆ ಮೇಲೆ ಎರಡು ಪಿಟೀಲುಗಳು ಒಂದು ಯಹೂದಿ ರಾಗವನ್ನು ಗಂಟಲು ಹರಿಯುವಂತೆ ಕಿರುಚುತ್ತವೆ. ಡ್ರಮ್ಸ್ ಇಲ್ಲ ಅನ್ನುವುದೇ ಮರೆತುಹೋಗುತ್ತದೆ. ಥ್ರ್ಯಾಶ್ ಅನ್ನುವ ವೇಗದ ಮೆಟಲ್ ಕೇಳುವವರಿಗೆ ಇದಕ್ಕಿಂತ ಬೇರೆ ಬೇಕಾ?

ಆರ್ಕೆಸ್ಟ್ರಾನೇ ಬೇಕು ಅಂದರೆ ಹೋಲ್ಸ್ಟ್‌ನ ‘ಮಾರ್ಸ್’. ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬಾತ್‌ನ ಗೀಝರ್ ಬಟ್ಲರ್ ಇದನ್ನು ಬೇಸ್ ಗಿಟಾರ್‌ನಲ್ಲಿ ನುಡಿಸುತ್ತಿದ್ದ. ಅದೇ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿಯ ಆ ಪ್ರಸಿದ್ಧ ಮೊದಲ ರಿಫ್ ಹುಟ್ಟಿದ್ದು ಅದರ ಗುಂಗಿನಲ್ಲೇ. ಐದು ಎಣಿಕೆಯ ತಾಳ, ಕಮಾನಿನ ಮರದ ಭಾಗದಿಂದ ತಂತಿಗೆ ಕುಟ್ಟುತ್ತಾ ಶುರು. ಕೇಳಿಸುವ ಮುಂಚೆ ಗೆಳೆಯನಿಗೆ ವಾಲ್ಯೂಮ್ ಬಗ್ಗೆ ಹೇಳಿಬಿಡಿ. ಡಿಸ್ಟಾರ್ಷನ್ ಹಾಕಿದ ಗಿಟಾರ್ ಸದ್ದನ್ನು ಹಿಂಡಿ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ತರುತ್ತದೆ, ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಅಂಥ ವ್ಯತ್ಯಾಸ ಇರಲ್ಲ. ಆ ಕಿವಿಗೆ ಆರ್ಕೆಸ್ಟ್ರಾದ ಮೆಲ್ಲನೆಯ ಜಾಗ ‘ಏನೂ ಆಗ್ತಿಲ್ಲ’ ಅನ್ನಿಸುತ್ತದೆ. ಬಸ್ಸಲ್ಲಿ ಕೇಳಿದರಂತೂ ನಿಜವಾಗಿಯೂ ಏನೂ ಕೇಳಿಸಲ್ಲ. ಸದ್ದಿಲ್ಲದ ಜಾಗ, ಒಳ್ಳೆಯ ಹೆಡ್‌ಫೋನ್, ಜೋರಾದ ಭಾಗಕ್ಕೆ ವಾಲ್ಯೂಮ್ ಹೊಂದಿಸಿಕೊಂಡು ಆಮೇಲೆ ಮೊದಲಿಂದ ಶುರು.

ಮೆಟಲ್ ಬ್ಯಾಂಡಿನ ಹಿಂದೆ ಆರ್ಕೆಸ್ಟ್ರಾ ಕೂರಿಸಿದ ಆಲ್ಬಂಗಳನ್ನು ಮೆಟ್ಟಿಲು ಅಂತ ಕೊಡಬೇಡಿ. ಬಹುತೇಕ ಅವುಗಳಲ್ಲಿ ಪಿಟೀಲುಗಳ ಕೆಲಸ ಗಿಟಾರ್ ಹಿಂದೆ ಪರದೆ ಹಿಡಿಯುವುದು. ಅದನ್ನು ಕೇಳಿ ಕ್ಲಾಸಿಕಲ್ ಇಷ್ಟೇನಾ ಅನ್ನಿಸಿದರೆ ತಪ್ಪು ಅವನದಲ್ಲ.

ಇಷ್ಟೆಲ್ಲ ಆದ ಮೇಲೂ ‘ಇನ್ನೂ ಭಯಂಕರವಾದದ್ದು ಇದೆಯಾ’ ಅಂತ ಅವನೇ ಕೇಳಿದರೆ ಜಾರ್ಜ್ ಕ್ರಂಬ್‌ನ ‘ಬ್ಲ್ಯಾಕ್ ಏಂಜಲ್ಸ್’ ಇದೆ. ಪಿಟೀಲು, ವಯೋಲಾ, ಚೆಲ್ಲೊ ಎಲ್ಲದರ ಸದ್ದನ್ನೂ ಗಿಟಾರ್ ಹಾಗೆ ವಿದ್ಯುತ್ತಿನಿಂದ ಹಿಗ್ಗಿಸಿ ನುಡಿಸಲು ಬರೆದ ಕ್ವಾರ್ಟೆಟ್. ನುಡಿಸುವವರೇ ನಡುವೆ ಅಂಕಿಗಳನ್ನು ಪಿಸುಗುಡುತ್ತಾರೆ, ಕೂಗುತ್ತಾರೆ, ಜಾಗಟೆ ಬಡಿಯುತ್ತಾರೆ. ಬ್ಲ್ಯಾಕ್ ಸಬ್ಬಾತ್‌ನ ಮೊದಲ ಆಲ್ಬಂ ಬಂದದ್ದು 1970ರ ಫೆಬ್ರವರಿ 13, ಶುಕ್ರವಾರ. ಕ್ರಂಬ್ ತನ್ನ ಸ್ಕೋರ್ ಮುಗಿಸಿದ ದಿನ ಅಂತ ಬರೆದಿರುವುದು ಅದೇ ವರ್ಷದ ಮಾರ್ಚ್ 13, ಅದೂ ಶುಕ್ರವಾರವೇ. ಕ್ರೋನೋಸ್ ಕ್ವಾರ್ಟೆಟ್‌ನ ಒಂದೇ ಆಲ್ಬಂನಲ್ಲಿ ಇದೂ ಇದೆ, ಶಾಸ್ತಕೋವಿಚ್‌ನ ಎಂಟನೆಯದೂ ಇದೆ. ಮೊದಲ ಸೆಕೆಂಡಿನಿಂದಲೇ ಚೀರಾಟ, ಇದಕ್ಕೆ ಮಾತ್ರ ವಾಲ್ಯೂಮ್ ಮೊದಲೇ ತಗ್ಗಿಸಿಕೊಳ್ಳಲು ಹೇಳಿ.